ಅರಿಸಿನ ಕೊಂಬಿನ ಚುಕ್ಕೆ

ರಾಮನಗರ
೧೪ ಆಗಸ್ಟ್ ೨೦೦೬

ತಂಗಿ ಶ್ವೇತಾಳಿಗೆ,

ನೀನು ಕಳಿಸಿದ ರೇಷ್ಮೆ ಸೀರೆ ತಲುಪಿತು. ‘ಜೀವ ಉಳಿಸಿದ ಅಕ್ಕನಿಗೆ’ ಎಂದು ಚೀಟಿ ಬೇರೆ ಇಟ್ಟಿದ್ದೀಯ. ಸೀರೆ ವಾಪಸ್ ಕಳಿಸುತ್ತಿದ್ದೇನೆ. ಕಾರಣ ಬರೆಯದಿದ್ದರೆ ಅಕ್ಕನಿಗೆ ಬಣ್ಣ ಹಿಡಿಸಲಿಲ್ಲ ಅಂದುಕೊಂಡು ಬೇರೆ ಸೀರೆ ತರುವವಳು ನೀನು.

ಕೆಂಪರಾಜು ನಮ್ಮ ಸೋದರತ್ತೆಯ ಮಗ. ಅವನು ನನಗೇ ಎಂದು ನಮ್ಮೂರು ಹೊಂಗನೂರಿಗೆಲ್ಲ ಗೊತ್ತಿತ್ತು. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಇಸ್ತ್ರಿ ಪ್ಯಾಂಟು ಹಾಕಿಕೊಂಡು ಬಂದವನು ಕೇಳಿದ್ದು ನಿನ್ನನ್ನು. ಅಲ್ಲಿಯವರೆಗೆ ನನ್ನನ್ನು ‘ಲತಾ’ ಎನ್ನುತ್ತಿದ್ದವನು ಮದುವೆಯ ಮರುದಿನದಿಂದ ‘ಅತ್ಗೆ’ ಎಂದ. ಏಳು ವರ್ಷವಾಯಿತು, ಆ ಪದ ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ನಾನು ಮದುವೆಯೇ ಬೇಡವೆಂದು ಗಾರ್ಮೆಂಟ್ಸ್ ಸೇರಿದೆ.

ನಿನಗೆ ಥೈರಾಯ್ಡ್ ಕ್ಯಾನ್ಸರ್ ಎಂದಾಗಲೂ ಉರಿಯಿತು, ಹೇಳಿಬಿಡುತ್ತೇನೆ. ಆಪರೇಷನ್ ಆದಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ವಿಕಿರಣದ ಅಯೋಡಿನ್ ಕುಡಿಸಿ ನಿನ್ನನ್ನು ಒಂಟಿ ಕೋಣೆಯಲ್ಲಿ ಇಟ್ಟರಲ್ಲ, ಅವನು ಬಾಗಿಲ ಗಾಜಿಗೆ ಹಣೆ ಒತ್ತಿಕೊಂಡು ನಿಂತೇ ಇದ್ದ. ನಾನು ಒಯ್ದ ಮುದ್ದೆ, ಬಸ್ಸಾರು ಆರಿಹೋಯಿತು. ‘ಅವ್ಳಿಲ್ದೆ ನಾನಿರಾಕಿಲ್ಲ ಕಣತ್ಗೆ’ ಎಂದ. ನನಗೆ ಜ್ವರ ಬಂದಾಗ ಒಂದು ಮಾತ್ರೆ ತಂದುಕೊಟ್ಟವನಲ್ಲ!

ಉಳಿದ ಕ್ಯಾನ್ಸರ್ ಎಲ್ಲಿದ್ದರೂ ಆ ಅಯೋಡಿನ್ ಅಲ್ಲಿಗೆ ಹೋಗಿ ಸೇರುತ್ತದೆ, ಸ್ಕ್ಯಾನಿನಲ್ಲಿ ಕಪ್ಪಗೆ ಕಾಣುತ್ತದೆ ಎಂದಿದ್ದರು ಡಾಕ್ಟರು. ಎಂಜಲಿನಲ್ಲೂ ಬರುತ್ತದೆ, ಅವಳ ಲೋಟ ಮುಟ್ಟಬೇಡಿ ಎಂದೂ ಹೇಳಿದ್ದರು. ಸ್ಕ್ಯಾನ್ ಮಾಡಿದಾಗ ನಿನ್ನ ಎದೆಯ ನಡುವೆ ಕಪ್ಪು ಚುಕ್ಕೆ. ಹರಡಿರಬಹುದು ಎಂದರು.

ನಾನು ಚೆಕಿಂಗ್ ಟೇಬಲ್ಲಿನವಳು. ದಿನಕ್ಕೆ ನಾನೂರು ಶರ್ಟು ನೋಡುತ್ತೇನೆ, ಕಲೆ ಕಂಡರೆ ಎಲ್ಲಿಂದ ಬಂತು ಎಂದೇ ಮೊದಲು ಯೋಚಿಸುವುದು. ಆಸ್ಪತ್ರೆಯಲ್ಲಿ ತಾಳಿ ಬಿಚ್ಚಿಸಿದಾಗ ಅಮ್ಮ ‘ಬರೀ ಕೊಳ್ಳಲ್ಲಿ ಇರ್ಬಾರ್ದು ಕಣವ್ವ’ ಎಂದು ದಾರಕ್ಕೆ ಅರಿಸಿನ ಕೊಂಬು ಕಟ್ಟಿ, ನರ್ಸಮ್ಮನ ಕಣ್ಣು ತಪ್ಪಿಸಿ ನಿನ್ನ ಅಂಗಿಯೊಳಗೆ ಇಳಿಬಿಟ್ಟಿದ್ದಳು. ಗಾಜಿನಾಚೆ ನೀನು ಅದನ್ನು ಕಚ್ಚುತ್ತಾ ಕೂತಿದ್ದೆ, ಪರೀಕ್ಷೆ ಬಂದರೆ ಜಡೆಯ ಟೇಪು ಕಚ್ಚುತ್ತಿದ್ದ ಹಾಗೆ. ಆ ಚುಕ್ಕೆ ಕ್ಯಾನ್ಸರಿನದಲ್ಲ, ನಿನ್ನ ಎಂಜಲಿನದು ಎಂದು ನನಗೆ ಆಗಲೇ ಹೊಳೆಯಿತು.

ಹೊಳೆದರೂ ಬಾಯಿ ಬಿಡಲಿಲ್ಲ, ಶ್ವೇತಾ. ಮೂರು ದಿನ. ಅಮ್ಮ ಊಟ ಬಿಟ್ಟಳು. ಅವನು ಕಾರ್ಖಾನೆಗೆ ಹೋಗಲಿಲ್ಲ. ನಾನು ಮಾತ್ರ ನಿನ್ನ ಮಗಳಿಗೆ ಜಡೆ ಹಾಕುತ್ತಾ, ಇನ್ನು ಮುಂದೆ ಇವಳಿಗೆ ಜಡೆ ಹಾಕುವವರು ಯಾರು ಎಂದು ಯೋಚಿಸಿದೆ. ನಾನೇ ಎಂದುಕೊಂಡೆ. ಅವನ ಬುತ್ತಿ ಕಟ್ಟುವವಳೂ ನಾನೇ ಎಂದುಕೊಂಡೆ.

ಮೂರನೇ ದಿನ ಅತ್ತೆ ಸೊಪ್ಪು ಬಿಡಿಸುತ್ತಾ, ‘ಅಂಗೇನಾರ ಆಗ್ಬುಟ್ರೆ ನೀನೇ ಬಂದ್ಬುಡು ಲತಾ, ಮಗೀನೂ ಐತೆ’ ಎಂದಳು. ಏಳು ವರ್ಷ ಕಾದಿದ್ದ ಮಾತು. ಕೇಳಿದ್ದೇ ತಡ, ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದೆ. ನನ್ನ ಮನಸ್ಸಿನಲ್ಲಿದ್ದಾಗ ಅದು ಇಷ್ಟು ಹೇಸಿಗೆ ಅನ್ನಿಸಿರಲಿಲ್ಲ. ಸೀದಾ ಬಸ್ಸು ಹತ್ತಿ ಹೋಗಿ ಡಾಕ್ಟರಿಗೆ ಹೇಳಿದೆ. ದಾರ ಬಿಚ್ಚಿಸಿ, ಮೈ ತೊಳೆಸಿ ಮತ್ತೆ ನೋಡಿದರು. ಎದೆಯಲ್ಲಿ ಏನೂ ಇರಲಿಲ್ಲ. ಕೊಂಬನ್ನೊಂದೇ ಯಂತ್ರದಡಿ ಇಟ್ಟರೆ ಅದೇ ಕಪ್ಪು.

ಕೆಂಪರಾಜು ಎಲ್ಲರೆದುರು ನನಗೆ ಕೈ ಮುಗಿದ. ನಾನೂ ಕೈ ಮುಗಿಸಿಕೊಂಡೆ. ನೀನು ಸಾಯುತ್ತೇನೆಂದು ಅತ್ತ ಆ ಮೂರು ದಿನ ರೋಗ ಕೊಟ್ಟಿದ್ದಲ್ಲ, ನಾನು ಕೊಟ್ಟಿದ್ದು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಹೊಟ್ಟೆಕಿಚ್ಚು ಹೋಯಿತು ಎಂದು ಸುಳ್ಳು ಬರೆಯಲೂ ಆರೆ. ಈ ಕಾಗದವನ್ನು ಅವನಿಗೆ ತೋರಿಸುವುದು ಬಿಡುವುದು ನಿನಗೆ ಸೇರಿದ್ದು.

ಅವನ ಜೊತೆ ನೂರು ವರ್ಷ ಮುತ್ತೈದೆಯಾಗಿ ಬಾಳು. ಹಲ್ಲು ಕಚ್ಚಿಕೊಂಡೇ ಹರಸುತ್ತಿದ್ದೇನೆ, ಆದರೂ ಹರಸುತ್ತಿದ್ದೇನೆ.

ನಿನ್ನ ಅಕ್ಕ,
ಲತಾಮಣಿ