ರುಜುವಿಲ್ಲದ ನಿರ್ದೇಶಕ

ಲೇಡೀಸ್ ಹಾಸ್ಟೆಲ್, ಕೋಲ್ಕತ್ತಾ
ಭಾನುವಾರ, 23 ನವೆಂಬರ್ 2008

ಬಾಬಾ, ನಿಮ್ಮ ಶ್ರೀಚರಣಗಳಲ್ಲಿ,

ನಾನಿಲ್ಲಿ ಕ್ಷೇಮ. ಊಟ ಚೆನ್ನಾಗಿದೆ. ಚಳಿ ಇನ್ನೂ ಅಷ್ಟಿಲ್ಲ. ಕರ್ಸಿಯಾಂಗಿನ ಬೆಟ್ಟದ ಕಾನ್ವೆಂಟ್ ಹಾಸ್ಟೆಲಿನಿಂದ ಇಷ್ಟು ವರ್ಷ ಪ್ರತಿ ಭಾನುವಾರ ನಿಮಗೆ ಹೀಗೇ ಬರೆದೆ. ಸಿಸ್ಟರ್ ಓದಿ, ಒಪ್ಪಿ, ಆಮೇಲೆ ಲಕೋಟೆ ಅಂಟಿಸುತ್ತಿದ್ದರು. ಅದಕ್ಕೊಂದು ಹೆಸರಿದೆ ಎಂದು ಈಗ ಸಿನಿಮಾ ಕ್ಲಾಸಿನಲ್ಲಿ ಕಲಿತಿದ್ದೇನೆ: ಪ್ರಕಾರ. ಪತ್ತೇದಾರಿ ಸಿನಿಮಾದಲ್ಲಿ ಹೆಣ ಇರಲೇಬೇಕಾದಂತೆ ಹಾಸ್ಟೆಲ್ ಪತ್ರದಲ್ಲಿ ಕ್ಷೇಮ ಇರಲೇಬೇಕು. ಇದು ಸಿಸ್ಟರ್ ಓದದ ಮೊದಲ ಪತ್ರ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ನನಗೆ ಇಂಗ್ಲಿಷ್ ಬರುತ್ತದೆ, ನಮ್ಮ ಬಂಗಾಳಿ ಅರ್ಧವೂ ಬರುವುದಿಲ್ಲ.

ಮಾ ನಿನ್ನೆ ಫೋನ್ ಮಾಡಿದ್ದಳು. ಗುರುವಾರದ ಸೆಮಿನಾರಿನಿಂದ ಬಂದಮೇಲೆ ನೀವು ಸರಿಯಾಗಿ ಊಟ ಮಾಡುತ್ತಿಲ್ಲವಂತೆ, ಹಜಾರದಲ್ಲಿದ್ದ ನಿಮ್ಮ ಸಿನಿಮಾಗಳ ಪೋಸ್ಟರುಗಳನ್ನೆಲ್ಲ ಇಳಿಸಿ ಗೋಡೆಗೆ ಮುಖ ಮಾಡಿಟ್ಟಿದ್ದೀರಂತೆ. "ಒಂದು ಮಾತು ಬರಿಯೇ ಝಿನುಕ್. ನಿಂಗೆ ಬರುತ್ತಲ್ಲ ಆ ದೊಡ್ಡ ದೊಡ್ಡ ಮಾತು, ಅದ್ರಲ್ಲೇ ಬರಿ. ಅವ್ರಿಗೆ ಸಮಾಧಾನ ಆಗುತ್ತೆ" ಎಂದಳು. ಅದಕ್ಕೆ ಬರೆಯುತ್ತಿದ್ದೇನೆ. ಸಮಾಧಾನದ ಮಾತು ಕೊಡಲಾರೆ.

ನಿಮ್ಮನ್ನು ಸೆಮಿನಾರಿಗೆ ಕರೆಸಿದ್ದು ನಮ್ಮ ಪ್ರೊಫೆಸರ್ ಮಧುರಾದಿ. ನಾನಲ್ಲ. ನೀವು ಕೂದಲಿಗೆ ಬಣ್ಣ ಹಾಕಿಕೊಂಡು, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಕ್ಲಾಸಿಗೆಲ್ಲ ಹೊಸ ಖರ್ಜೂರದ ಬೆಲ್ಲದ ಸಂದೇಶ್ ಮಿಠಾಯಿ ತಂದಿರಿ. ಟಾಲಿಗಂಜಿನ ಸ್ಟುಡಿಯೋಗಳಲ್ಲಿ ಯಾರೂ ನಿಮ್ಮನ್ನು ಕೆಲಸಕ್ಕೆ ಕರೆಯದೆ ವರ್ಷಗಳಾಗಿವೆ. ಬಾಗಿಲಲ್ಲಿ ನಿಮ್ಮನ್ನು ಕಂಡು ನಾನು ಹಿಂದಿನ ಬೆಂಚಿಗೆ ಹೋಗಿ ಕೂತೆ.

ಕ್ಲಾಸಿನವರು ಸಂದೇಶ್ ತಿಂದರು, ನಿಮ್ಮ ಸಿನಿಮಾ ನೋಡಿದರು, ನಕ್ಕರು. ಅವರಲ್ಲೊಬ್ಬ, ಋತಬ್ರತ, ಬೆರಳು ನೆಕ್ಕುತ್ತ ಮುಂದೇನಾಗುತ್ತದೆಂದು ಕೂಗಿ ಹೇಳುತ್ತಿದ್ದ. "ಈಗ ನೋಡ್ರೋ, ಅತ್ತೆ ಕೈಯಿಂದ ಶಂಖ ಬೀಳುತ್ತೆ." ಬಿತ್ತು. "ಈಗ ದೇವರ ದೀಪ ಆರುತ್ತೆ." ಆರಿತು. "ಕಾಕಾ, ಆ ಗಾಳಿಗೆ ಎಷ್ಟು ಸಂಬಳ ಕೊಡ್ತಿದ್ರಿ?"

"ಸಂಬಳ ಎಲ್ಲಿಂದ ಕೊಡ್ಲಪ್ಪಾ, ಬರೀ ಊಟ" ಎಂದಿರಿ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನೀವೂ ನಕ್ಕಿರಿ.

ಮಧುರಾದಿ ಒಳ್ಳೆಯವರು. ಮೆತ್ತಗೆ ವಿವರಿಸಿದರು. ಶಂಖ, ದೀಪ, ಮುತ್ತೈದೆಯ ಕುಂಕುಮ ಇವೆಲ್ಲ ಕಣ್ಣೀರಿನ ಸಂಸಾರ ಚಿತ್ರದ ಸೊತ್ತು, ಯಾವ ನಿರ್ದೇಶಕನಾದರೂ ಬಳಸುತ್ತಾನೆ. ಆದರೆ ಕೆಲವರು ಆ ಕಟ್ಟಳೆಯೊಳಗೇ ತಮ್ಮದೊಂದು ಗುರುತನ್ನು ಚಿತ್ರದಿಂದ ಚಿತ್ರಕ್ಕೆ ಬಿಡುತ್ತ ಹೋಗುತ್ತಾರೆ, ಬೇಡವೆಂದರೂ ಅದು ಬಂದುಬಿಡುತ್ತದೆ. ಅಂಥವನನ್ನು ಚಿತ್ರದ ಕರ್ತೃ ಎನ್ನುತ್ತೇವೆ, ಆ ಗುರುತೇ ಅವನ ರುಜು ಎಂದರು. ನೀವು ಕುರ್ಚಿಯ ತುದಿಗೆ ಬಂದು ಕೇಳಿದಿರಿ: "ಹಾಗಾದ್ರೆ ನಂದು ಅಂತ ಏನೂ ಇಲ್ವೇನಮ್ಮಾ?"

ಮಧುರಾದಿ ನನ್ನ ಕಡೆ ತಿರುಗಿ, ಕಾಲೇಜಿನ ಹೆಸರು ಹಿಡಿದು ಕರೆದರು. "ತೋರ್ಷಾ, ನೀನು ಎಲ್ಲಾ ಸಿನಿಮಾನೂ ನೋಡಿದೀಯ. ನೀನೇ ಹೇಳು."

ನೀವು ನನ್ನನ್ನು ಹಾಗೆ ಎಂದೂ ನೋಡಿರಲಿಲ್ಲ, ಬಾಬಾ. ಹುಡುಗರು ಟೀಚರನ್ನು ನೋಡುವ ಹಾಗೆ.

"ಹುಡುಕಿದೆ ಮಧುರಾದಿ. ಏನೂ ಸಿಗಲಿಲ್ಲ" ಎಂದೆ.

"ಸರಿ ಬಿಡಿ, ನನ್ನ ಮಗಳು ಸುಳ್ಳು ಹೇಳೋಳಲ್ಲ" ಎಂದು ನೀವು ಖಾಲಿ ಡಬ್ಬಿಯ ಮುಚ್ಚಳ ಹಾಕಿದಿರಿ.

ನಾನು ಹೇಳಿದ್ದು ಸುಳ್ಳು. ನಿಮ್ಮ ರುಜು ನನಗೆ ಸಿಕ್ಕಿದೆ.

ನನ್ನನ್ನು ಕರ್ಸಿಯಾಂಗಿನಲ್ಲಿ ಬಿಟ್ಟು ಬಂದ ವರ್ಷದ ನಂತರ ನೀವು ತೆಗೆದ ಒಂದೊಂದು ಚಿತ್ರದಲ್ಲೂ ಯಾರನ್ನೋ ಎಲ್ಲೋ ಬಿಟ್ಟು ಹೋಗುತ್ತಾರೆ. ತಬ್ಬಲಿಯನ್ನು ಸೋದರತ್ತೆಯ ಮನೆಯಲ್ಲಿ, ವಿಧವೆಯನ್ನು ತವರಿನಲ್ಲಿ, ಮುದುಕಿಯನ್ನು ಆಶ್ರಮದಲ್ಲಿ. ಗೇಟಿನಲ್ಲಿ ಒಬ್ಬರು ನಿಲ್ಲುತ್ತಾರೆ, ಕಾರು ತಿರುವು ದಾಟುತ್ತದೆ. ಪ್ರಕಾರದ ಕಟ್ಟಳೆಯಂತೆ ಅಲ್ಲಿಗೆ ಪಿಟೀಲು ಏರಬೇಕು, ಕಟ್ ಆಗಬೇಕು. ಇಲ್ಲವೇ ಕಾರಿನಿಂದ ಯಾರಾದರೂ ಇಳಿದು ಓಡಿ ಬರಬೇಕು. ನಿಮ್ಮಲ್ಲಿ ಎರಡೂ ಇಲ್ಲ. ಗೇಟಿನವರಿಗೆ ಕಾಣದ ಜಾಗದಲ್ಲಿ, ತಿರುವಿನ ಆಚೆ, ಕಾರು ನಿಲ್ಲುತ್ತದೆ. ಹಿಂದಿನ ಕೆಂಪು ದೀಪ ಉರಿಯುತ್ತದೆ. ಯಾರೂ ಇಳಿಯುವುದಿಲ್ಲ. ಕಾರು ಮತ್ತೆ ಹೊರಡುತ್ತದೆ. ಕಥೆಗೆ ಅದರಿಂದ ಏನೂ ಉಪಯೋಗವಿಲ್ಲ. ಮೊದಲ ಸಲ ವಿಸಿಡಿ ಕೆಟ್ಟಿದೆ ಎಂದುಕೊಂಡೆ. ಮುಂದಿನ ಚಿತ್ರದಲ್ಲೂ ಅದೇ ಬಂದಾಗ ಲೈಬ್ರರಿಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಎದ್ದು ನಿಂತುಬಿಟ್ಟೆ.

ಆರು ವರ್ಷದವಳಿದ್ದೆ. ಮಂಜಿತ್ತು. ನಮ್ಮ ಅಂಬಾಸಿಡರ್ ಧೂಪದ ಮರಗಳ ಆ ತಿರುವಿನವರೆಗೆ ಕಂಡಿತು, ಆಮೇಲೆ ಇಲ್ಲ. ನೀವು ನೇರ ಹೋದಿರಿ ಎಂದುಕೊಂಡು ಬೆಳೆದೆ, ಅದು ಸುಲಭವಿತ್ತು. ಹೋದವರ ಮೇಲೆ ಸಿಟ್ಟು ಮಾಡಿಕೊಂಡು ಮಲಗಬಹುದು. ನಿಂತು, ಯೋಚಿಸಿ, ನಡಿ ಎಂದು ಡ್ರೈವರಿಗೆ ಹೇಳಿದವರನ್ನು ನಾನೇನು ಮಾಡಲಿ?

ಸಿನಿಮಾದವರ ಮನೆಯಲ್ಲಿ ಹೆಣ್ಣುಮಗು ಬೆಳೆಯಬಾರದು ಎಂದು ಕಳಿಸಿದಿರಿ. ನೋಡಿ, ನಾನು ಓದುತ್ತಿರುವುದು ಅದನ್ನೇ.

ಗುರುವಾರ ಇಷ್ಟನ್ನು ಹೇಳಿದ್ದರೆ ಋತಬ್ರತನ ಬಾಯಿ ಮುಚ್ಚುತ್ತಿತ್ತು. ಮಧುರಾದಿ ನಿಮ್ಮ ಮೇಲೆ ಲೇಖನ ಬರೆಯುತ್ತಿದ್ದರು, ಮುಂದಿನ ವರ್ಷದ ಹುಡುಗರು ಪರೀಕ್ಷೆಗೆ ನಿಮ್ಮನ್ನು ಬಾಯಿಪಾಠ ಮಾಡುತ್ತಿದ್ದರು. ನನ್ನ ಗೇಟು, ನನ್ನ ಮಂಜು, ಅದರ ಮೇಲೆ ನಿಮ್ಮ ರುಜು. ಅದನ್ನು ನಿಮಗೆ ಕೊಡಲು ಮನಸ್ಸಾಗಲಿಲ್ಲ. ಈಗಲೂ ಇಲ್ಲ. ನೀವು ಕರ್ತೃವೇ, ಬಾಬಾ. ಅದು ನಿಮಗೂ ನನಗೂ ಮಾತ್ರ ಗೊತ್ತಿರಲಿ. ನನ್ನ ಪ್ರಬಂಧ ಡಿಪಾರ್ಟ್‌ಮೆಂಟಿನ ಪತ್ರಿಕೆಯಲ್ಲಿ ಬರುತ್ತಿದೆ, ಹೆಸರು 'ರುಜುವಿಲ್ಲದ ನಿರ್ದೇಶಕ'. ಒಂದು ಪ್ರತಿ ಕಳಿಸುತ್ತೇನೆ.

ಔಷಧಿ ತಪ್ಪಿಸಬೇಡಿ.

ಪ್ರಣಾಮಗಳೊಂದಿಗೆ,
ತೋರ್ಷಾ ಶೀಲ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಮಾಗೆ ಫೋನ್ ಮಾಡಿ, ಅವತ್ತು ತಿರುವಿನಲ್ಲಿ ಕಾರು ನಿಂತಿತ್ತಾ ಎಂದು ಕೇಳಿದೆ. "ಅವರು ಹೇಳಿದ್ರಾ? ಹೇಳಲ್ಲ ಅಂತ ಆಣೆ ಮಾಡಿದ್ರಲ್ಲೇ. ನಿಲ್ಲಿಸು ಅಂದಿದ್ದೂ ಅವರೇ, ಇಳಿಯೋಕೆ ಹೋಗಿದ್ದೂ ಅವರೇ. ಇಳಿದಿದ್ರೆ ನಿನ್ನ ಕರ್ಕೊಂಡೇ ಬಂದುಬಿಡ್ತಿದ್ರು. ನಾನೇ ಅವರ ಕಡೆ ಬಾಗಿಲು ಗಟ್ಟಿಯಾಗಿ ಹಿಡ್ಕೊಂಡುಬಿಟ್ಟೆ" ಎಂದಳು. ಕಾರಿನೊಳಗೆ ಯಾರಿದ್ದಾರೆಂದು ನಿಮ್ಮ ಯಾವ ಚಿತ್ರದಲ್ಲೂ ಯಾಕೆ ಕಾಣಿಸುವುದಿಲ್ಲ ಎಂದು ಆಗ ಅರ್ಥವಾಯಿತು. ಈ ಪತ್ರ ಹರಿದುಹಾಕೋಣ ಎಂದುಕೊಂಡೆ. ಹರಿಯಲಿಲ್ಲ. ಮಾ ಹಿಡಿದದ್ದು ಒಂದೇ ಬಾಗಿಲು. ಅಂಬಾಸಿಡರಿಗೆ ನಾಲ್ಕು ಬಾಗಿಲು, ಬಾಬಾ.