ಗೂಗೆಕಿಂಡಿಗೆ ಹಚ್ಚಿದ ಸಿಮೆಂಟು

ಮಾನ್ಯ ಕಾಮಗಾರಿ ಅಧಿಕಾರಿಗಳೇ,

ಹಾನಗಲ್ ತಾಲೂಕಿನ ನಮ್ಮೂರ ಇಟ್ಟಿಗೆ ಉಗ್ರಾಣವನ್ನು ತಾವು ವಾಚನಾಲಯ ಮಾಡಿಕೊಟ್ಟಿರಿ. ಅದರ ಗೋಡೆಯೊಳಗೆ ಜೀವಂತ ಗೂಗೆಮರಿಗಳಿರುವಾಗಲೇ ಸಿಮೆಂಟು ಹಚ್ಚಿಸಿದಿರಿ. ಮೊದಲನೆಯದಕ್ಕೆ ಊರು ಧನ್ಯವಾದ ಹೇಳಿಯಾಗಿದೆ. ಈ ಪತ್ರ ಎರಡನೆಯದರ ಕುರಿತು.

ತಾವು ಆ ಕಟ್ಟಡವನ್ನು ಒಂದೇ ಬೆಳಿಗ್ಗೆ ನೋಡಿ ವರದಿ ಬರೆದವರು; ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಭತ್ತ ಕೂಡಿಡಲು ಕಟ್ಟಿದ ಮನೆ ಅದು. ಗೋಡೆ ಎರಡು ಪದರ, ನಡುವೆ ಗೇಣಗಲ ಪೊಳ್ಳು. ಹೊರಪದರದಲ್ಲಿ ಸಾಲು ಬಿಟ್ಟು ಸಾಲು, ಬೇಕೆಂದೇ ಇಟ್ಟಿಗೆ ಬಿಟ್ಟಿದ್ದರು. ಗಾಳಿಯಾಡದಿದ್ದರೆ ಭತ್ತ ಮುಗ್ಗುತ್ತದೆ. ಮೂಡಣ ಗೋಡೆಯ ನೆತ್ತಿಯಲ್ಲಿ ಮಾತ್ರ ಎರಡು ಇಟ್ಟಿಗೆ ಅಗಲದ ಕಿಂಡಿ, ಅದರೊಳಗೆ ಒಂದು ಪುಟ್ಟ ಕಟ್ಟೆ. ಅದು ಗೂಗೆಯ ಜಾಗ. ಮನೆಯ ಮೇಲೆ ಗೂಗೆ ಕೂತರೆ ಶಾಂತಿ ಮಾಡಿಸುವ ಜನ ನಾವು. ಉಗ್ರಾಣದಲ್ಲಿ ಮಾತ್ರ, ಇಲಿ ಹಿಡಿಯಲೆಂದು, ಅದಕ್ಕೆ ಮನೆ ಕಟ್ಟಿಕೊಟ್ಟಿದ್ದೆವು. ಅದರ ಹೆಸರು ಹೇಳದೆ ‘ವಾಲೀಕಾರ’ ಎಂದು ಕರೆಯುತ್ತಿದ್ದೆವು. ಊರು ಕಾಯುವವನ ಹೆಸರು ಅದು.

ತಮ್ಮ ವರದಿಯ ಪ್ರತಿ ನನ್ನ ಬಳಿ ಇದೆ. “ಗೋಡೆಗಳಲ್ಲಿ ೨೧೬ ಇಟ್ಟಿಗೆಗಳು ಬಿದ್ದುಹೋಗಿದ್ದು, ಭರ್ತಿ ಮಾಡತಕ್ಕದ್ದು.” ಇಷ್ಟು ಶಿಸ್ತಾಗಿ, ಸಾಲು ತಪ್ಪದೆ ಬೀಳುವ ಇಟ್ಟಿಗೆಗಳನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ?

ಉದ್ಘಾಟನೆಗೆ ಮೂರು ದಿನವಿತ್ತು. ಗೌಂಡಿ ಮುಸ್ತಾಕ ಏಣಿಯ ಮೇಲಿಂದಲೇ ತಮ್ಮನ್ನು ಕೇಳಿದ: “ಸಾಹೇಬ್ರ, ಒಳಗ ಗೂಗಿ ಮರಿ ಅದಾವ್ರಿ. ಹದಿನೈದ ದಿನ ಇದೊಂದ ಕಿಂಡಿ ಬಿಡೂಣೇನ್ರಿ?”

“ಗೂಗೆ ಹತ್ರ ಮುಹೂರ್ತ ಕೇಳಿ ಉದ್ಘಾಟನೆ ಇಡಬೇಕೇನಪ್ಪಾ? ಮುಚ್ಚು,” ಎಂದಿರಿ.

ಕೆಳಗೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಕಸ ಹೊಡೆಯುತ್ತಿದ್ದ ಸುಶೀಲವ್ವ ನನ್ನನ್ನು ಒಳಗೆ ಕರೆದಳು. “ಅಣ್ಣಾರ, ಇಲ್ಲಿ ಕಿವಿ ಹಚ್ರಿ. ಯಾರೋ ಉಸರ ಬಿಟ್ಟಂಗ ಆಗಾಕತ್ತೈತಿ.” ಹಚ್ಚಿದೆ. ಪೊಳ್ಳು ಗೋಡೆ ಮೇಲಿನ ಸದ್ದನ್ನು ಕೆಳಗಿನವರೆಗೂ ತರುತ್ತದೆ. ಹಸಿದ ಮರಿಗಳ ಉದ್ದನೆಯ ಉಸಿರು ಅದು, ನಿದ್ದೆಯಲ್ಲಿರುವ ಮನುಷ್ಯನ ಉಸಿರಿನಂತೆ. ಹೊರಗೆ, ಎತ್ತರದ ಹಸಿ ಗಿಲಾವಿನ ಮೇಲೆ ತಾಯಿಯ ಉಗುರಿನ ಗೀರುಗಳಿದ್ದವು. ಮಧ್ಯಾಹ್ನ ಅವುಗಳ ಮೇಲೆ ಬಣ್ಣ ಬಂತು.

“ನೀವು ಹೇಳ್ರಿ. ನಾ ಹೇಳಿದ್ರ ನನ್ನ ಕಸಬರಗಿ ಕಸ್ಗೋತಾರ,” ಎಂದಳು ಸುಶೀಲವ್ವ.

“ಉದ್ಘಾಟನಿ ಒಂದ ಮುಗೀಲವ್ವ, ಹೇಳ್ತೇನಿ,” ಎಂದೆ.

ಮೂರನೆಯ ದಿನ ವೇದಿಕೆಯಿಂದ ತಾವು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: “ಈ ಗೋಡೆಗಳಿಗೆ ಕಿವಿಗೊಟ್ಟರೆ ಇತಿಹಾಸದ ಉಸಿರು ಕೇಳಿಸುತ್ತದೆ.” ಚಪ್ಪಾಳೆ ಜೋರಾಗಿತ್ತು. ಜನ ಊಟಕ್ಕೆ ಎದ್ದ ಮೇಲೆ ನಾನು ಹೋಗಿ ಕಿವಿ ಹಚ್ಚಿದೆ. ಏನೂ ಕೇಳಿಸಲಿಲ್ಲ.

ಈಗ ಎರಡು ಮಳೆಗಾಲ ಕಳೆದಿವೆ. ಆ ಗೋಡೆಗೆ ಮೂರು ಬಾರಿ ಬಣ್ಣ ಹಚ್ಚಿದರೂ ಅದೇ ಜಾಗದಲ್ಲಿ ಕಪ್ಪು ಕಲೆ ಏಳುತ್ತದೆ. ಇಲಿಗಳು ಪುಸ್ತಕದ ಬೆನ್ನು ತಿನ್ನುತ್ತಿವೆ. ಸುಶೀಲವ್ವನ ಮಗಳು ತನುಜಾ ಪೊಲೀಸ್ ಪರೀಕ್ಷೆಗೆ ಓದುವವಳು. ಒಂದೇ ಕೋಣೆಯ ಮನೆಯಲ್ಲಿ ಆರು ಜನರಿರುವುದರಿಂದ ಆಕೆಗೆ ಓದಲು ಬೇರೆ ಜಾಗವಿಲ್ಲ. ಆಕೆಯೂ ಬರುವುದು ಬಿಟ್ಟಳು. “ಆ ಗೋಡಿಗೆ ಬೆನ್ನ ಕೊಟ್ಟು ಕುಂದ್ರಾಕ ಆಗವಲ್ದು ಕಾಕಾ,” ಅನ್ನುತ್ತಾಳೆ. ಹದಿನಾಲ್ಕು ಕುರ್ಚಿಗಳಲ್ಲಿ ಈಗ ಒಂದರಲ್ಲಿ ಮಾತ್ರ ಜನ. ಅದು ನಾನು.

ಜನ ಆ ಗೋಡೆಗೆ ಹೆದರುತ್ತಾರೆ, ಕಿಂಡಿ ತೆರೆಸಿರಿ ಎಂದು ಹಿಂದೆ ಬರೆದ ನನ್ನ ಅರ್ಜಿಗೆ ತಾವು ಕೊಟ್ಟ ಉತ್ತರ: “ಮೂಢನಂಬಿಕೆ ಹರಡಬಾರದು.” ಒಪ್ಪಿದೆ. ದೆವ್ವವನ್ನು ನಾನು ನಂಬುವುದಿಲ್ಲ. ಗಾಳಿಯಿಲ್ಲದ ಗೋಡೆ ತೇವ ಹಿಡಿಯುತ್ತದೆ, ಗೂಗೆಯಿಲ್ಲದ ಕಡೆ ಇಲಿಗಳು ಹೆಚ್ಚುತ್ತವೆ, ಎಲ್ಲಕ್ಕೂ ಕಾರಣವಿದೆ. ಒಂದಕ್ಕೆ ಮಾತ್ರ ಇಲ್ಲ. ಪತ್ರಿಕೆಯ ಹಾಳೆ ತಿರುವುವ ಸದ್ದು ನಿಂತ ಕೂಡಲೇ ನನಗೆ ಈಗಲೂ ಆ ಉಸಿರು ಕೇಳಿಸುತ್ತದೆ, ನನ್ನ ಮನೆಯಲ್ಲೂ.

ಆದ್ದರಿಂದ ಕೇಳುತ್ತಿದ್ದೇನೆ: ತಾವೇ ಬಂದು ನಿಂತು ಆ ಕಿಂಡಿಯನ್ನು ಒಡೆಸಿರಿ. ಉಳಿದ ಗಾಳಿಕಿಂಡಿಗಳೂ ತೆರೆಯಲಿ. ಮುಸ್ತಾಕ ಕೂಲಿ ಬೇಡವೆಂದಿದ್ದಾನೆ. ಒಳಗೆ ಸಿಕ್ಕಿದ್ದನ್ನು ಮಣ್ಣು ಮಾಡಲು ಸುಶೀಲವ್ವ ಹಿತ್ತಲಲ್ಲಿ ಜಾಗ ತೋರಿಸಿದ್ದಾಳೆ. ಏಣಿಯನ್ನು ಈ ಸಲ ನಾನು ಹಿಡಿಯುತ್ತೇನೆ.

ಇಂತಿ,
ಕೇಳಿಸಿಕೊಂಡೂ ಮೂರನೇ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ,
ಫಕ್ಕೀರೇಶ