ಇಳಿಯೋಕೆ ಆರ್ಡರ್ ಬಂದಿಲ್ಲ

ಮಡಕಶಿರ, ಸೋಮವಾರ

ಸುಬೇದಾರ್ ಸಾಹೇಬ್ರಿಗೆ, ನಿಮ್ಮ ಸಿಪಾಯಿ ಲೋಕನಾಥ್ ಹೆಂಡತಿಯ ನಮಸ್ಕಾರ.

ಗಾಯ ಆದೋರನ್ನೆಲ್ಲ ಕೆಳಗೆ ಕಳಿಸಿ, ಗುಂಡು ಹಾರ್ತಿದ್ರೂ ಇವರೊಬ್ಬರೇ ಗುಡ್ಡ ಕಾದರು ಅಂತ ನೀವೇ ಹೇಳಿದ್ರಿ. ಕೊನೆಗೆ ಎಚ್ಚರ ತಪ್ಪಿ ಬಿದ್ದಿದ್ದ ಇವರನ್ನ ನಿಮ್ಮೋರೇ ಹೊತ್ಕೊಂಡು ಇಳಿಸಿದ್ರಂತೆ.

ರಜಕ್ಕೆ ಬಂದೋರು ಈಗ ನಮ್ಮೂರ ಕೋಟೆ ಬೆಟ್ಟ ಹತ್ತಿ ಕೂತವ್ರೆ. ಇಳಿಯೋಕೆ ಆರ್ಡರ್ ಬಂದಿಲ್ಲ ಅಂತಾರೆ. ಮುದ್ದೆ ತಗೊಂಡು ಹೋದ್ರೆ, ಗುಂಡು ಬರುತ್ತೆ ಅಂತ ನನ್ನನ್ನೂ ಮಗಳನ್ನೂ ಬಂಡೆ ಹಿಂದೆ ಮಲಗಿಸಿ ಆಮೇಲೆ ಉಣ್ತಾರೆ. ಮಗಳು ಈಗ ಮನೇಲೂ ತೆವಳ್ಕೊಂಡೇ ತಟ್ಟೆ ಹತ್ರ ಬರ್ತಾಳೆ.

ಸನ್ಮಾನ ಬೇಡ ಸಾರ್. ಕಾಗದ ಸೇರಿದ ತಕ್ಷಣ ಕವರ್ ಮೇಲಿರೋ ನಂಬರಿಗೆ ಫೋನ್ ಮಾಡಿ. ಬೆಟ್ಟ ಹತ್ತಿ ಫೋನನ್ನ ಅವರ ಕಿವಿಗೆ ಹಿಡೀತೀನಿ. ನೀವು ಕನ್ನಡದೋರೇ, ಆದ್ರೂ ಇಳಿ ಅಂತ ಹಿಂದೀಲೇ ಗದರಿಸಿ. ಕನ್ನಡದಲ್ಲೂ ತೆಲುಗಲ್ಲೂ ನಾನು ಹೇಳಿ ಸೋತಿದ್ದೀನಿ.

ನಿಮ್ಮ ಫೋನಿಗೆ ಕಾಯ್ತಿರೋ,
ಸಾಯಿಲಕ್ಷ್ಮಿ